ಖಾಲಿ ನೀರಿಗೆ ಊಟ

ಡುಲೂತ್, ಮಿನೆಸೋಟ
ಮಾರ್ಚ್ 14, 1988

ಹಾಲ್ವರ್,

ಇವತ್ತು ಬೆಳಿಗ್ಗೆ ಲಾರಿಯವರು ಇಬ್ಬರು ನನ್ನ ಮನೆಯ ಮೆಟ್ಟಿಲ ಮೇಲೆ ಶವಪೆಟ್ಟಿಗೆಯಷ್ಟು ದೊಡ್ಡ ಮರದ ಪೆಟ್ಟಿಗೆ ಇಳಿಸಿ, “ಎಲ್ಲಿಡೋಣಮ್ಮಾ?” ಅಂದರು. “ಯಾರಪ್ಪಾ ಸತ್ತೋರು?” ಅಂದೆ. ಬಿಚ್ಚಿ ನೋಡಿದರೆ ಗಾಜಿನ ತೊಟ್ಟಿ! ಎಪ್ಪತ್ತೈದು ಗ್ಯಾಲನ್ನಿನದು! ಜೊತೆಗೆ ಫಿಲ್ಟರ್, ಹೀಟರ್, ಒಂದು ಚೀಲ ಜಲ್ಲಿ, ಬಣ್ಣ ನೋಡುವ ಔಷಧಿ ಶೀಶೆಗಳು. ಹುಟ್ಟುಹಬ್ಬಕ್ಕೆ ಒಂದು ಕಾರ್ಡು ಸಾಕಾಗಿತ್ತು ಕಣೋ. ಬೆಣ್ಣೆಯಲ್ಲಿ ಹುರಿದದ್ದು ಬಿಟ್ಟರೆ ನಾನು ಜನ್ಮದಲ್ಲಿ ಮೀನು ಬೇಕು ಅಂತ ಕೇಳಿದ್ದುಂಟೇ?

ಆದರೂ ಬಂದದ್ದನ್ನು ವಾಪಸು ಕಳಿಸುವ ಜಾತಿ ನಾನಲ್ಲ. ಊಟದ ಕೋಣೆಯಲ್ಲಿ ಕಿಟಕಿಗೆ ದೂರವಾಗಿ ಇಟ್ಟಿದ್ದೇನೆ. ಪಕ್ಕದ ಮನೆಯ ವಿನಿಫ್ರೆಡ್ ಕೊಸ್ಕಿ ಬಂದು ನೋಡಿ, “ನೆಲ ಕುಸಿದು ನೆಲಮಾಳಿಗೆಗೆ ಹೋಗುತ್ತೆ ನೋಡು” ಎಂದು ಹೆದರಿಸಿದಳು. ಅವಳ ಗಂಡನೇ ಬಂದು ಕೆಳಗಡೆ ಒಂದು ತೊಲೆ ಆಸರೆ ಕೊಟ್ಟು ಹೋದ. ಈಗ ಆನೆ ಕುಣಿದರೂ ಏನೂ ಆಗುವುದಿಲ್ಲ.

ಶಾಲೆಯ ಅಡುಗೆಮನೆಯಲ್ಲಿ ದಿನಾ ನಾನೂರು ಮಕ್ಕಳ ಹೊಟ್ಟೆ ತುಂಬಿಸಿದವಳಿಗೆ ನಾಲ್ಕು ಮೀನು ಒಂದು ಲೆಕ್ಕವೇ? ಶನಿವಾರದೊಳಗೆ ಈಜುತ್ತಿರುತ್ತವೆ ನೋಡು.

ನಿನ್ನ ಅಕ್ಕ,
ಸಿಗ್ನಿ


ಮೈನಾಟ್, ನಾರ್ತ್ ಡಕೋಟ
ಮಾರ್ಚ್ 19

ಸಿಗ್ನಿ,

ಶನಿವಾರ ಬೇಡ. ಮುಂದಿನ ಶನಿವಾರವೂ ಬೇಡ. ಮೇ ತಿಂಗಳವರೆಗೆ ಯಾವ ಶನಿವಾರವೂ ಬೇಡ.

ಮೀನು ಉಸಿರಾಡಿದರೂ, ಹೇತರೂ, ತಿಂದು ಬಿಟ್ಟದ್ದು ಕೊಳೆತರೂ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಅವುಗಳ ಕಿವಿರು ಸುಡುತ್ತದೆ. ಕೆರೆಯಲ್ಲಿ ಅದನ್ನು ತಿನ್ನಲು ಬ್ಯಾಕ್ಟೀರಿಯಾ ಇರುತ್ತವೆ. ಹೊಸ ತೊಟ್ಟಿಯಲ್ಲಿ ಇರುವುದಿಲ್ಲ. ಮೊದಲು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಹುಟ್ಟಬೇಕು. ಅವು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಆಮೇಲೆ ನೈಟ್ರೈಟ್ ತಿನ್ನುವವು ಬರುತ್ತವೆ. ಅವು ಅದನ್ನು ನೈಟ್ರೇಟ್ ಮಾಡುತ್ತವೆ. ಅಷ್ಟು ಮಟ್ಟಿಗೆ ಪರವಾಗಿಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸರಿಹೋಗುತ್ತದೆ. ಈ ಎರಡು ಜಾತಿಯೂ ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡುವವರೆಗೂ ತೊಟ್ಟಿ ಬರೀ ಗಾಜಿನ ಡಬ್ಬ.

ನನ್ನ ತೊಟ್ಟಿಯ ಹಳೆಯ ಸ್ಪಂಜನ್ನೇ ಕಳಿಸಿಬಿಡಬಹುದಿತ್ತು. ಅಂಚೆಯಲ್ಲಿ ಸತ್ತುಹೋಗುತ್ತದೆ. ಆದ್ದರಿಂದ ನೀರು ತುಂಬಿಸು, ಕ್ಲೋರಿನ್ ತೆಗೆಯುವ ಔಷಧಿ ಹಾಕು, ಫಿಲ್ಟರ್ ಹೀಟರ್ ಎರಡೂ ಓಡಲಿ. ಖಾಲಿ ನೀರಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕು. ಅದು ಕೊಳೆತು ಅಮೋನಿಯಾ ಆಗುತ್ತದೆ. ಶೀಶೆಯಲ್ಲಿ ಸ್ವಲ್ಪ ತೊಟ್ಟಿಯ ನೀರು ತೆಗೆದು, ಔಷಧಿ ಹನಿಸಿ ಬಣ್ಣ ನೋಡುತ್ತಾ ಇರು. ಅಮೋನಿಯಾದ ಶೀಶೆ ಹಸಿರಿನಿಂದ ಹಳದಿಗೆ ಬರಬೇಕು. ನೈಟ್ರೈಟ್ ಶೀಶೆ ನೇರಳೆಗೆ ಹೋಗಿ ತಿಳಿನೀಲಿಗೆ ವಾಪಸು ಬರಬೇಕು. ನೀಲಿ ನಿಂತ ಮೇಲೆ ಮೀನು.

ಯಾಕೆ ಇಷ್ಟು ದೊಡ್ಡದು ಅಂದರೆ, ದೊಡ್ಡ ನೀರು ತಪ್ಪನ್ನು ತಡೆದುಕೊಳ್ಳುತ್ತದೆ. ನಿನ್ನನ್ನು ನಾನು ಬಲ್ಲೆ.

ಹಾಲ್ವರ್


ಡುಲೂತ್
ಏಪ್ರಿಲ್ 6

ಹಾಲ್ವರ್,

ನೀನು ಹೇಳಿದಂತೆ ಎಲ್ಲ ನಡೆದಿದೆ. ನೀರು ಕನ್ನಡಿಯ ಹಾಗೆ ತಿಳಿಯಾಗಿದೆ. ಖಾಲಿ ತೊಟ್ಟಿಗೆ ಚಿಟಿಕೆ ಹಾಕುವುದನ್ನು ನೋಡಿ ವಿನಿಫ್ರೆಡ್, “ಇಲ್ಲದ ಮೀನಿಗೆ ತಿಂಡಿ ಹಾಕ್ತಿದೀಯಲ್ಲೇ ಸಿಗ್ನಿ, ಡಾಕ್ಟರ ಹತ್ರ ಹೋಗೋಣ್ವಾ?” ಎನ್ನುತ್ತಾಳೆ. “ನಿನ್ನ ಗಂಡನಿಗೆ ನಲವತ್ತು ವರ್ಷದಿಂದ ಬುದ್ಧಿ ಹೇಳ್ತಿದೀಯಲ್ಲ, ಅದಕ್ಕಿಂತ ಇದೇ ವಾಸಿ” ಅಂದೆ.

ಅಂದ ಹಾಗೆ, ವಿನಿಫ್ರೆಡ್ ಕೂಡ ಒಂದು ತೊಟ್ಟಿ ತಂದಿದ್ದಾಳೆ. ಸಣ್ಣದು. ಅವಳಿಗೆ ತಾಳ್ಮೆ ಎಲ್ಲಿಂದ ಬರಬೇಕು, ಅಂಗಡಿಗೆ ಹೋಗಿ ನೀಲಿ ಗೆರೆಯ ಪುಟ್ಟ ಮೀನು ಒಂದು ಹಿಂಡು ತಂದು ಬಿಟ್ಟಿದ್ದಾಳೆ. ಈಗ ಅವು ಮೇಲೆ ಬಂದು ಬಾಯಿ ಬಿಟ್ಟುಕೊಂಡು ನಿಂತಿವೆಯಂತೆ. ನೀರು ತಿಳಿಯಾಗಿಯೇ ಇದೆಯಂತೆ. ಅವಳು ಕೇಳುತ್ತಿದ್ದಾಳೆ, ಏನು ಮಾಡಬೇಕು? ಬೇಗ ಬರೆ. ಪಾಪ, ಅವಳಿಗೆ ನಿದ್ದೆ ಇಲ್ಲ.

ಸಿಗ್ನಿ


ಮೈನಾಟ್
ಏಪ್ರಿಲ್ 9

ಸಿಗ್ನಿ,

ವಿನಿಫ್ರೆಡ್‌ಗೆ ಹೇಳು: ಈ ಕ್ಷಣವೇ ಅರ್ಧ ನೀರು ತೆಗೆದು, ಕ್ಲೋರಿನ್ ಕಳೆದ, ಅಷ್ಟೇ ಬೆಚ್ಚಗಿನ ನೀರು ಹಾಕಬೇಕು. ನಾಳೆಯೂ ಹಾಗೇ. ಊಟ ನಿಲ್ಲಿಸಬೇಕು. ನೀರು ತಿಳಿಯಾಗಿರುವುದಕ್ಕೂ ಚೆನ್ನಾಗಿರುವುದಕ್ಕೂ ಸಂಬಂಧವಿಲ್ಲ. ವಿಷಕ್ಕೆ ಬಣ್ಣವಿಲ್ಲ, ಅದಕ್ಕೇ ಶೀಶೆಗಳಿರುವುದು.

ಸತ್ತವುಗಳನ್ನು ತಕ್ಷಣ ತೆಗೆಯಬೇಕು. ಉಳಿದವು ಉಳಿದರೆ ಆ ತೊಟ್ಟಿಯಲ್ಲೇ ಇರಲಿ. ವಿನಿಫ್ರೆಡ್ ಕೈಬಿಡಬಾರದು ಅಂತ ನಾನು ಹೇಳಿದೆನೆಂದು ಹೇಳು. ಎಲ್ಲರೂ ಒಂದು ಸಲ ಮಾಡುವ ಕೆಲಸವೇ ಇದು.

ಹಾಲ್ವರ್


ಡುಲೂತ್
ಏಪ್ರಿಲ್ 30

ಹಾಲ್ವರ್,

ವಿನಿಫ್ರೆಡ್ ಹತ್ತಿರ ತೊಟ್ಟಿಯೂ ಇಲ್ಲ, ಗಿಟ್ಟಿಯೂ ಇಲ್ಲ. ನಿನಗೆ ಗೊತ್ತಾಗಿದೆ ಅಂತ ನನಗೂ ಗೊತ್ತು. ಹತ್ತರಲ್ಲಿ ಎಂಟು ಹೋದವು. ಒಂದೊಂದನ್ನೂ ಚಮಚದಲ್ಲಿ ತೆಗೆದು ಗುಲಾಬಿ ಗಿಡದ ಬುಡಕ್ಕೆ ಹಾಕಿದೆ. ಬೆರಳ ತುದಿಯಷ್ಟೂ ಇಲ್ಲದ ಜೀವಕ್ಕೆ ಇಷ್ಟು ಸಂಕಟ ಆಗುತ್ತದೆ ಅಂತ ಯಾರಾದರೂ ಮೊದಲೇ ಹೇಳಬಾರದಿತ್ತೇ?

ಉಳಿದ ಎರಡಕ್ಕಾಗಿ ದಿನಾ ಬಾಲ್ದಿ ಹೊರುತ್ತಿದ್ದೇನೆ. ಸೋಲುವ ಯೋಚನೆ ಇಲ್ಲ. ಇನ್ನು ಮುಂದೆ ಶೀಶೆ ಹೇಳಿದಂತೆ ನಡೆಯುತ್ತೇನೆ.

ಆದರೆ ನಿನ್ನ ಮೇಲೆ ನನಗೊಂದು ಸಿಟ್ಟಿದೆ. ಸ್ವಂತ ಅಕ್ಕನಿಗೆ ಟೈಪು ಮಾಡಿದ ಕಾಗದವೇನೋ? ನಾನೇನು ನಿನ್ನ ಗೂಡ್ಸು ಗಾಡಿಯ ಡ್ರೈವರೇ, ಆರ್ಡರು ಕಳಿಸಲಿಕ್ಕೆ? ರೈಲ್ವೆ ಬಿಟ್ಟು ಎಷ್ಟು ವರ್ಷವಾಯಿತು? ನನ್ನ ಸುಳ್ಳಿಗೆ ಕೋಪ ಬಂದಿದ್ದರೆ ಬೈದು ಬರೆ, ಕೈಯಲ್ಲಿ ಬರೆ. ಕಚೇರಿಯ ನೋಟೀಸು ಬೇಡ.

ಸಿಗ್ನಿ


ಮೈನಾಟ್
ಮೇ 5

ಸಿಗ್ನಿ,

ಕೋಪವಿಲ್ಲ. ಎರಡು ಉಳಿಸಿದೆಯಲ್ಲ, ನನಗೆ ಮೊದಲ ಸಲ ಒಂದೂ ಉಳಿದಿರಲಿಲ್ಲ. ಟೈಪು ಮಾಡುವುದು ಹಳೆಯ ಅಭ್ಯಾಸ. ಬೆರಳಿಗೆ ಸುಲಭ.

ಇನ್ನು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ. ಶೀಶೆ ದಟ್ಟ ನೇರಳೆಯಾದರೆ ಗಾಬರಿಯಾಗಬೇಡ, ನೀರು ಬದಲಿಸುತ್ತಾ ಇರು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡ. ತೊಳೆಯಲೇಬೇಕಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲಿ ಒಮ್ಮೆ ಹಿಂಡು, ಸಾಕು. ಗಲೀಜಾಗಿ ಕಂಡರೂ ಜೀವವಿರುವುದು ಅದರಲ್ಲೇ.

ಬೇಸಿಗೆ ಮುಗಿಯುವುದರೊಳಗೆ ತೊಟ್ಟಿ ತಯಾರಾದರೆ ಒಳ್ಳೆಯದು.

ಹಾಲ್ವರ್


ಡುಲೂತ್
ಜುಲೈ 17

ಹಾಲ್ವರ್,

ತಡವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿನ್ನ ಕಾಗದ ಬರುವ ಹಿಂದಿನ ದಿನವೇ ನಾನು ಸ್ಪಂಜನ್ನು ಕುದಿಯುವ ನೀರು, ಸೋಪು ಹಾಕಿ ಉಜ್ಜಿ ತೊಳೆದು ಬಿಸಿಲಿಗೆ ಹಾಕಿದ್ದೆ! ನನ್ನ ಶಾಲೆಯ ಅಡುಗೆಮನೆಗೆ ಆರೋಗ್ಯ ಇಲಾಖೆಯವರು ಬಂದಾಗ ಹೊಳೆಯುವ ಪಾತ್ರೆ ನೋಡಿ ಟೋಪಿ ತೆಗೆಯುತ್ತಿದ್ದರು. ಆ ಕೈ ಇದು. ನಿನ್ನ ಬ್ಯಾಕ್ಟೀರಿಯಾ ಸಂಸಾರ ಸಮೇತ ಸ್ವರ್ಗ ಸೇರಿತು. ಹೊಸ ಸ್ಪಂಜು ತಂದು ಮತ್ತೆ ಮೊದಲಿನಿಂದ ಶುರು.

ಆದರೆ ಎರಡನೇ ಸಲ ಕಣ್ಣಿಗೆ ಕಾಣುತ್ತಿತ್ತು ಹಾಲ್ವರ್. ಹಸಿರು ಏರಿತು, ಇಳಿಯಿತು. ನೇರಳೆ ಬಂದು ಜೂನ್ ಪೂರ್ತಿ ಬಿಡಾರ ಹೂಡಿತು. ಒಂದು ಬೆಳಿಗ್ಗೆ ನೋಡುತ್ತೇನೆ, ತಿಳಿನೀಲಿ! ನಂಬಿಕೆ ಬರದೆ ಮತ್ತೆ ನೋಡಿದೆ, ವಿನಿಫ್ರೆಡ್‌ಳನ್ನು ಕೂಗಿ ತೋರಿಸಿದೆ. “ಇದಕ್ಕೆ ಇಷ್ಟು ಕುಣಿತವಾ?” ಅಂದಳು. ಅವಳಿಗೇನು ಗೊತ್ತು. ಆ ಎರಡು ಪುಟ್ಟ ಮೀನು ಈಗ ದಪ್ಪಗಾಗಿ ತೊಟ್ಟಿಯೇ ತಮ್ಮದು ಎನ್ನುವಂತೆ ಓಡಾಡುತ್ತಿವೆ.

ನೀನು ನಂಬುವುದಿಲ್ಲ ಅಂತ ಸಾಕ್ಷಿ ಇಟ್ಟಿದ್ದೇನೆ. ಗೋಡೆ ಬಣ್ಣದ ಅಂಗಡಿಯಿಂದ ಮಾದರಿ ಚೀಟಿಗಳನ್ನು ತಂದು ಶೀಶೆಯ ಪಕ್ಕ ಹಿಡಿದು, ಹೊಂದಿದ್ದನ್ನು ಕತ್ತರಿಸಿ ಇದರೊಳಗೆ ಹಾಕಿದ್ದೇನೆ. ಸರಿಯಾದ ನೀಲಿ ಹೌದೋ ಅಲ್ಲವೋ ನೀನೇ ಹೇಳು.

ಸಿಗ್ನಿ


ಮೈನಾಟ್
ಜುಲೈ 22

ಸಿಗ್ನಿ,

ಚೀಟಿ ನೋಡಿದೆ. ಇದೇ ನೀಲಿ. ಸ್ವಲ್ಪವೂ ವ್ಯತ್ಯಾಸವಿಲ್ಲ. ತೊಟ್ಟಿ ತಯಾರಾಗಿದೆ.

ಅಂಗಡಿಯಿಂದ ಇನ್ನು ಏನೂ ತರಬೇಡ. ಮೀನನ್ನು ನಾನು ಕೊಡುತ್ತೇನೆ. ಹೇಗೆ, ಯಾವಾಗ ಎಂದು ಬರೆಯುತ್ತೇನೆ.

ಹಾಲ್ವರ್


ಡುಲೂತ್
ಜುಲೈ 26

ಹಾಲ್ವರ್,

ಇವತ್ತು ಸಕ್ಕರೆ ಡಬ್ಬಿ ಎತ್ತಿದಾಗ ಅದರಡಿಯಲ್ಲಿ ನೀಲಿ ಚೀಟಿ ಸಿಕ್ಕಿತು. ನಿನಗೆ ಬಂದದ್ದು ಜೂನ್ ತಿಂಗಳಿನದು, ನೇರಳೆ. ಕತ್ತರಿಸಿಟ್ಟಿದ್ದವುಗಳಲ್ಲಿ ತಪ್ಪು ಚೀಟಿ ಲಕೋಟೆಗೆ ಹೋಗಿದೆ. ಅದೂ ತಿಳಿ ನೇರಳೆಯಲ್ಲ, ಪಾದ್ರಿಯ ನಿಲುವಂಗಿಯಂಥ ನೇರಳೆ.

ನೀನು “ಇದೇ ನೀಲಿ” ಅಂದೆ.

ಕುರ್ಚಿಯಲ್ಲಿ ಕೂತು ನಿನ್ನ ಕಾಗದಗಳನ್ನೆಲ್ಲ ಮತ್ತೆ ತೆಗೆದೆ. ಮಾರ್ಚಿನದು ಕೈಬರಹ. ಆಗ ಗಮನಿಸಿರಲಿಲ್ಲ, ಸಾಲುಗಳು ಒಂದರ ಮೇಲೊಂದು ಹತ್ತಿವೆ. ಆಮೇಲೆಲ್ಲ ಟೈಪು. ನಾನು ನಿನಗೆ ಸೆಡವು ಬಂದಿದೆ ಅಂದುಕೊಂಡೆ. ನೀನು ಕಣ್ಣು ಮುಚ್ಚಿಕೊಂಡು ಟೈಪು ಮಾಡಬಲ್ಲೆ ಎಂಬುದು ನನಗೆ ಹೊಳೆಯಲಿಲ್ಲ.

ಎಷ್ಟು ಕಾಣುತ್ತದೆ? ನಿಜ ಹೇಳು. ಈ ಕಾಗದವನ್ನು ದಪ್ಪ ಕಪ್ಪು ಮಸಿಯಲ್ಲಿ, ಅಂಗಡಿ ಬೋರ್ಡಿನ ಅಕ್ಷರದಲ್ಲಿ ಬರೆದಿದ್ದೇನೆ. ಓದಲಿಕ್ಕಾಗಲಿಲ್ಲ ಎಂಬ ನೆಪ ನಡೆಯುವುದಿಲ್ಲ.

ಸಿಗ್ನಿ


ಮೈನಾಟ್
ಜುಲೈ 31

ಸಿಗ್ನಿ,

ಅಕ್ಷರ ಭೂತಗನ್ನಡಿಯಲ್ಲಿ ಸಿಗುತ್ತದೆ. ಬಣ್ಣ ಸಿಗುವುದಿಲ್ಲ. ನೋಡುವ ಜಾಗದ ನಡುವೆ ಒಂದು ಬೂದಿ ಮಚ್ಚೆ ಕೂತಿದೆ, ಬದಿಯಲ್ಲಿ ಮಾತ್ರ ಕಾಣುತ್ತದೆ. ಎರಡು ಕಣ್ಣೂ ಹಾಗೆಯೇ. ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಪೂರ್ತಿ ಕತ್ತಲಾಗುವುದಿಲ್ಲ ಎಂದೂ ಹೇಳಿದ್ದಾರೆ.

ಚಳಿಗಾಲದಲ್ಲಿ ನನ್ನ ತೊಟ್ಟಿಯ ನೀರು ಕೆಟ್ಟಿತು. ಶೀಶೆ ಹಿಡಿದು ನೋಡಿದೆ, ಹಳದಿ ಎಂದುಕೊಂಡೆ. ಹಸಿರಾಗಿತ್ತು. ಎರಡು ಲೋಚ್ ಮೀನು ಸತ್ತವು. ನೀನು ನೋಡಿದ್ದೀಯ, ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟಿಯವು. ಈಗ ಐದು ಉಳಿದಿವೆ. ಎಲ್ಲಕ್ಕಿಂತ ದೊಡ್ಡದು ಬೊರ್ಗಿಲ್. ನಮ್ಮ ಬೊರ್ಗಿಲ್ ಅತ್ತೆಯ ಹಾಗೆಯೇ ಮೀಸೆ ಇದೆ, ಹಾಗೆಯೇ ಎಲ್ಲರನ್ನೂ ತಳ್ಳಿ ಮೊದಲು ಊಟಕ್ಕೆ ಬರುತ್ತಾಳೆ. ಇಪ್ಪತ್ತು ವರ್ಷವಾಯಿತು ಅವಳು ನನ್ನ ಹತ್ತಿರ ಬಂದು.

ಆಗಸ್ಟ್ ಕೊನೆಯ ವಾರ ಈ ಮನೆ ಬಿಟ್ಟು ಪೇಟೆಯ ಮಧ್ಯೆ ಒಂದು ಸಣ್ಣ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೇನೆ. ಅಲ್ಲಿಂದ ಎಲ್ಲದಕ್ಕೂ ನಡೆದು ಹೋಗಬಹುದು. ತೊಟ್ಟಿ ಇಡಲು ಬಿಡುವುದಿಲ್ಲ. ನಿನಗೆ ಕಳಿಸಿದ ತೊಟ್ಟಿ ಈ ಐದಕ್ಕಾಗಿಯೇ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಹೇಳಿದ್ದರೆ ನೀನು ನನ್ನ ಮೇಲಿನ ಕನಿಕರಕ್ಕೆ ಒಪ್ಪುತ್ತಿದ್ದೆ. ಕನಿಕರದಿಂದ ಯಾರೂ ದಿನಾ ಬಾಲ್ದಿ ಹೊರುವುದಿಲ್ಲ, ಅದಕ್ಕೆ ಹುಚ್ಚು ಹಿಡಿಯಬೇಕು. ನಿನಗೆ ಹಿಡಿಯುತ್ತದೋ ಇಲ್ಲವೋ ನೋಡಬೇಕಾಗಿತ್ತು. ಹಿಡಿಯದಿದ್ದರೆ ಬೇರೆಯವರಿಗೆ ಕೊಡುತ್ತಿದ್ದೆ.

ಹಾಲ್ವರ್


ಡುಲೂತ್
ಆಗಸ್ಟ್ 4

ಹಾಲ್ವರ್,

ನಿನ್ನ ಕಾಗದ ಓದಿ ಮೊದಲು ಬೈದೆ, ಆಮೇಲೆ ಅತ್ತೆ, ಆಮೇಲೆ ಹೋಗಿ ನೀರು ಬದಲಿಸಿದೆ. ಹುಚ್ಚು ಹಿಡಿದಿದೆ ಅಂತ ಬರೆದುಕೋ.

ಇಪ್ಪತ್ತನೇ ತಾರೀಕು ನಾನೇ ಕಾರು ತರುತ್ತೇನೆ. ಮುಚ್ಚಳದ ಬಾಲ್ದಿ ಐದು, ನೀರಿಗೆ ಗಾಳಿ ಊದುವ ಬ್ಯಾಟರಿ ಪಂಪು ಎರಡು ತಂದಿಟ್ಟಿದ್ದೇನೆ. ನಿನ್ನ ಮುಖವನ್ನೂ ನೋಡಬೇಕು. ಬೇಡ ಅಂತ ಬರೆಯಬೇಡ, ಬರೆದರೂ ಲಕೋಟೆ ಒಡೆಯದೆ ಹೊರಟುಬಿಡುತ್ತೇನೆ.

ಸಿಗ್ನಿ


ಡುಲೂತ್
ಆಗಸ್ಟ್ 24

ಹಾಲ್ವರ್,

ಐದೂ ಸುಖವಾಗಿವೆ. ಅದನ್ನು ಮೊದಲು ಬರೆದುಬಿಡುತ್ತೇನೆ, ನೀನು ಸಾಲು ಹುಡುಕುತ್ತಾ ಒದ್ದಾಡಬಾರದು.

ದಾರಿಯುದ್ದಕ್ಕೂ ನೀನು ಅವನ್ನು ಹಿಡಿದ ರೀತಿಯನ್ನೇ ನೆನೆಯುತ್ತಿದ್ದೆ. ನಾನು ಬಲೆ ತಂದಾಗ, “ಬಲೆ ತೆಗೀ ಆಚೆ! ಕಣ್ಣ ಕೆಳಗೆ ಮುಳ್ಳಿದೆ, ಸಿಕ್ಕೊಂಡು ಹರಿಯುತ್ತೆ” ಎಂದು ಎಷ್ಟು ಜೋರು ಮಾಡಿದೆ! ಆಮೇಲೆ ಭುಜದವರೆಗೂ ಕೈ ಇಳಿಸಿ, ಮುಖ ಗೋಡೆಯ ಕಡೆಗೆ ತಿರುಗಿಸಿ, ಅವು ಅಡಗಿದ್ದ ಕೊಳವೆ ಹುಡುಕಿ, ಎರಡೂ ಬಾಯಿಗೆ ಅಂಗೈ ಮುಚ್ಚಿ ಎತ್ತಿದೆಯಲ್ಲ, ನಾನು ಬಾಲ್ದಿ ಹಿಡಿದು ನಿಂತೇಬಿಟ್ಟೆ. “ಎಷ್ಟಿವೆ ಒಳಗೆ?” ಅಂದೆ. “ಮೂರು. ಒಂದು ಅತ್ತೆ, ಕಚ್ತಿದಾಳೆ” ಅಂದೆ ನೀನು. ಸುರಿದು ನೋಡಿದರೆ ಮೂರೇ.

ನಿನ್ನ ಹಳೆಯ ಫಿಲ್ಟರನ್ನು ನೀರಿನಲ್ಲೇ ತಂದು ನನ್ನದರ ಪಕ್ಕ ಕೂರಿಸಿದ್ದೇನೆ. ಹಳದಿ ಹಳದಿಯೇ, ನೀಲಿ ನೀಲಿಯೇ.

ಮಾರನೇ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಬೊರ್ಗಿಲ್ ಜಲ್ಲಿಯ ಮೇಲೆ ಅಡ್ಡ ಬಿದ್ದಿದ್ದಾಳೆ! ಹೊಟ್ಟೆ ಒಂದು ಕಡೆ, ಕಣ್ಣು ಮೇಲೆ. ನನ್ನ ಜೀವವೇ ಹೋಯಿತು. ಗಾಜಿನ ಮುಂದೆ ಮಂಡಿಯೂರಿ ಕೂತು ಅತ್ತೆ ಕಣೋ, ನಿಜವಾದ ಅತ್ತೆ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ. ವಿನಿಫ್ರೆಡ್ ಓಡಿ ಬಂದಳು. ಚಮಚ ತರಲು ಎದ್ದೆ. ಆಗ ಮಹಾರಾಣಿ ಎದ್ದು, ಮೈ ಕೊಡವಿ, ಗಾಜಿಗೆ ಮೀಸೆ ಒತ್ತಿ, ತಿಂಡಿ ಎಲ್ಲಿ ಎನ್ನುವಂತೆ ನೋಡಿದಳು!

ಅವು ಹಾಗೆ ಮಲಗುತ್ತವೆ ಅಂತ ನೀನು ಯಾಕೆ ಹೇಳಲಿಲ್ಲ?

ಸಿಗ್ನಿ


ಮೈನಾಟ್
ಆಗಸ್ಟ್ 29

ಸಿಗ್ನಿ,

ಮರೆತಿದ್ದೆ. ನಿಜವಾಗಿ ಮರೆತಿದ್ದೆ. ಆದರೆ ನಿನ್ನ ಕಾಗದ ಓದಿ ಕೆಳಗಿನ ಮನೆಯವರು ಬಂದು ವಿಚಾರಿಸುವಷ್ಟು ನಕ್ಕೆ.

ಹೊಸ ಮನೆ ಚೆನ್ನಾಗಿದೆ. ಬೇಕರಿ, ಅಂಚೆ, ಗ್ರಂಥಾಲಯ ಎಲ್ಲ ಒಂದೇ ಬೀದಿಯಲ್ಲಿ. ತೊಟ್ಟಿಯಿಲ್ಲದೆ ಮನೆ ಮಾತ್ರ ಬಹಳ ಒಣಗಿದೆ.

ಹಾಲ್ವರ್


ಡುಲೂತ್
ನವೆಂಬರ್ 20

ಹಾಲ್ವರ್,

ಬುಧವಾರ ಇಲ್ಲಿ ಮಂಜಿನ ಬಿರುಗಾಳಿ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟು ಹೋದದ್ದು ಮಾರನೇ ದಿನ ಸಂಜೆಯವರೆಗೂ ಬರಲಿಲ್ಲ. ಫಿಲ್ಟರ್ ನಿಂತಿತು, ಹೀಟರ್ ನಿಂತಿತು. ಫೋನೂ ಸತ್ತಿತ್ತು, ನಿನ್ನನ್ನು ಕೇಳುವ ಹಾಗಿರಲಿಲ್ಲ. ನಿಜ ಹೇಳಲೇ? ಕೇಳಬೇಕು ಅಂತ ಅನ್ನಿಸಲೂ ಇಲ್ಲ. ಕೈ ತಾನಾಗಿ ಕೆಲಸ ಶುರು ಮಾಡಿತು.

ಊಟ ನಿಲ್ಲಿಸಿದೆ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತೊಟ್ಟಿಗೆ ಸುತ್ತಿದೆ. ಬ್ಯಾಟರಿ ಪಂಪುಗಳನ್ನು ಸ್ಪಂಜಿನ ಪಕ್ಕದಲ್ಲೇ ಇಳಿಬಿಟ್ಟೆ, ಬ್ಯಾಕ್ಟೀರಿಯಾಕ್ಕೂ ಉಸಿರು ಬೇಕಲ್ಲ. ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿ ಬಾಟಲಿಗಳಿಗೆ ತುಂಬಿ ಮುಚ್ಚಳ ಬಿಗಿದು ತೊಟ್ಟಿಯಲ್ಲಿ ತೇಲಿಬಿಟ್ಟೆ. ತಣ್ಣಗಾದಂತೆ ಬದಲಿಸಿದೆ. ವಿನಿಫ್ರೆಡ್ ಗಂಡನ ಜೊತೆ ಇಲ್ಲೇ ಬಂದು ಬೀಡುಬಿಟ್ಟಳು. ಅವಳಿಗೆ ಒಂದು ಹೂಜಿ ಕೊಟ್ಟು, “ಮೊಗೆದು ಮೊಗೆದು ಎತ್ತರದಿಂದ ಸುರೀತಾ ಇರು, ಗಾಳಿ ಸೇರಬೇಕು” ಅಂದೆ. “ನನ್ನ ಮಕ್ಕಳಿಗೂ ಇಷ್ಟು ಮಾಡಿಲ್ಲ ಕಣೇ” ಎನ್ನುತ್ತಲೇ ಸುರಿದಳು. ಎರಡನೇ ದಿನ ಪಂಪಿನ ಬ್ಯಾಟರಿಗಳೂ ಮುಗಿದವು. ಆಮೇಲೆ ಬರೀ ಹೂಜಿ, ಮೂವರೂ ಸರದಿಯಲ್ಲಿ.

ಒಂದೂ ಹೋಗಲಿಲ್ಲ, ಹಾಲ್ವರ್. ಐದು ಲೋಚ್, ನನ್ನ ಎರಡು ಪುಟ್ಟವು, ಎಲ್ಲ ಇವೆ. ಕರೆಂಟು ಬಂದ ಮೇಲೆ ಶೀಶೆ ನೋಡಿದೆ. ಅಮೋನಿಯಾ ಒಂದು ಎಳೆ ಹಸಿರಿಗೆ ತಿರುಗಿತ್ತು. ನೀರು ಬದಲಿಸಿದೆ, ಶನಿವಾರಕ್ಕೆ ಮತ್ತೆ ಹಳದಿ.

ಒಂದು ವಿಷಯ ಕೇಳಬೇಕು. ಬ್ಯಾಟರಿ ಮುಗಿದು ಪಂಪು ನಿಂತಾಗ, ಹೂಜಿ ಕೆಳಗಿಟ್ಟು ಸ್ವಲ್ಪ ಸುಧಾರಿಸಿಕೊಳ್ಳುತ್ತಿದ್ದೆವು. ಮನೆ ಪೂರ್ತಿ ಸದ್ದಡಗಿತ್ತು. ಆಗ ಕಂಬಳಿಯೊಳಗಿಂದ ಟಕ್, ಟಕ್ ಟಕ್ ಎಂದು ಕೇಳಿಸಿತು. ಯಾರೋ ಬೆರಳ ಉಗುರಿನಿಂದ ಗಾಜು ತಟ್ಟಿದ ಹಾಗೆ. ಗಾಜು ಬಿರುಕು ಬಿಡುತ್ತಿದೆ ಅಂತ ಹೆದರಿ ಕಂಬಳಿ ಎತ್ತಿದೆ. ಐದೂ ಕೊಳವೆಯಲ್ಲಿ ಒಂದರ ಮೈಗೊಂದು ಒತ್ತಿಕೊಂಡು ಕೂತಿದ್ದವು. ಸದ್ದು ಅವುಗಳದೇ. ಏನದು?

ಸಿಗ್ನಿ


ಮೈನಾಟ್
ನವೆಂಬರ್ 25

ಸಿಗ್ನಿ,

ಡುಲೂತಿಗೆ ಕರೆಂಟಿಲ್ಲ ಎಂದು ಗುರುವಾರ ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು. ಫೋನು ಸಿಗಲಿಲ್ಲ. ಟೈಪ್‌ರೈಟರ್ ಮುಂದೆ ಕೂತು ಏನೇನು ಮಾಡಬೇಕೆಂದು ನಿನಗೆ ಎರಡು ಹಾಳೆ ಬರೆದೆ. ಅದು ನಿನ್ನ ಕೈಸೇರುವ ಹೊತ್ತಿಗೆ ಬದುಕುವುದು ಬದುಕಿರುತ್ತದೆ, ಸಾಯುವುದು ಸತ್ತಿರುತ್ತದೆ ಎಂದು ಗೊತ್ತಿದ್ದೂ ಬರೆದೆ. ಆಮೇಲೆ ಅಂಚೆಗೆ ಹಾಕಲಿಲ್ಲ. ನಿನಗೆ ಗೊತ್ತಿರುತ್ತದೆ ಎಂದುಕೊಂಡೆ. ಹೋಗಿ ಬ್ರೆಡ್ಡು ತಂದು ಊಟ ಮಾಡಿದೆ.

ನಿನ್ನ ಕಾಗದ ಬಂದ ಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ನಾನು ಬರೆದದ್ದನ್ನೆಲ್ಲ ನೀನು ಮಾಡಿದ್ದೀಯ. ಸ್ಪಂಜಿಗೆ ಗಾಳಿ ಕೊಡಬೇಕೆನ್ನುವುದು ಮಾತ್ರ ನನ್ನ ಹಾಳೆಯಲ್ಲಿ ಇರಲೇ ಇಲ್ಲ. ನನ್ನದನ್ನು ಹರಿದುಹಾಕಿದೆ.

ಆ ಸದ್ದು ಅವುಗಳ ಮಾತು. ಖುಷಿಯಾದಾಗ, ಒಬ್ಬರನ್ನೊಬ್ಬರು ತಳ್ಳುವಾಗ ಹಾಗೆ ಮಾಡುತ್ತವೆ. ನನ್ನ ಹಳೆಯ ಮನೆಯಲ್ಲಿ ಸದಾ ಪಂಪುಗಳ ಗುಯ್‌ಗುಟ್ಟುವಿಕೆ ಇತ್ತು. ಇಷ್ಟು ವರ್ಷದಲ್ಲಿ ನಾನು ಸರಿಯಾಗಿ ಕೇಳಿದ್ದು ನಾಲ್ಕೈದು ಸಲ ಇರಬಹುದು.

ಮುಂದಿನ ಶುಕ್ರವಾರದ ಬಸ್ಸಿಗೆ ಬರುತ್ತಿದ್ದೇನೆ. ಟಿಕೆಟು ತೆಗೆದಾಗಿದೆ, ವಾಪಸಿನದು ತೆಗೆದಿಲ್ಲ. ಏನೂ ಕಲಿಸುವುದಕ್ಕಲ್ಲ. ತೊಟ್ಟಿಯ ಮುಂದೆ ಎರಡು ಕುರ್ಚಿ ಹಾಕು. ಸ್ವಲ್ಪ ಹೊತ್ತು ಪಂಪು ನಿಲ್ಲಿಸು. ಕೂತು ಕೇಳೋಣ.

ಹಾಲ್ವರ್